ಡುಬ್ಬದ ಮಹಶೀರ್: ಲೆಕ್ಕದಲ್ಲಿ ಮೀನು ಹೆಚ್ಚಿತು, ಹೊಳೆಯಲ್ಲಿ ಈ ಮೀನು ಕಡಿಮೆಯಾಯಿತು

ಕಾವೇರಿ ದಂಡೆಯ ಗಾಲಿಬೋರ್‌ನಲ್ಲಿ ಗಾಳಗಾರರ ಕ್ಯಾಂಪ್ ಒಂದಿತ್ತು. ಅಲ್ಲಿಗೆ ಬಂದವರು ಎಷ್ಟು ಗಂಟೆ ಗಾಳ ಹಾಕಿದರು, ಎಷ್ಟು ಮೀನು ಸಿಕ್ಕಿತು, ತೂಕ ಎಷ್ಟು ಅಂತ ಬರೆದಿಡುವ ಪದ್ಧತಿ ಇತ್ತು. ಹಿಡಿದ ಮೀನನ್ನು ತೂಗಿ, ಫೋಟೊ ತೆಗೆದು, ಮತ್ತೆ ಹೊಳೆಗೇ ಬಿಡುತ್ತಿದ್ದರು. ಸಂಶೋಧನೆಗೆ ಅಂತ ಯಾರೂ ಆ ಲೆಕ್ಕ ಇಟ್ಟಿರಲಿಲ್ಲ. ಆದರೆ 1998ರಿಂದ 2012ರವರೆಗಿನ ಆ ಬರಹದಲ್ಲಿ 23,620 ಗಂಟೆಗಳ ಗಾಳದ ಲೆಕ್ಕ ಇದೆ, 6,161 ಮಹಶೀರ್ ಮೀನುಗಳಿವೆ. ಅವುಗಳಲ್ಲಿ ದೊಡ್ಡದು 46.8 ಕೆಜಿ ತೂಗಿತ್ತು.

ಆ ಲೆಕ್ಕವನ್ನು ಮೊದಲ ಸಲ ನೋಡಿದವರಿಗೆ ಖುಷಿಯೇ ಆಗುತ್ತದೆ. ವರ್ಷದಿಂದ ವರ್ಷಕ್ಕೆ ಸಿಕ್ಕ ಮೀನಿನ ಸಂಖ್ಯೆ ಏರುತ್ತಾ ಹೋಗಿದೆ. ಕಾವಲು ಇತ್ತು, ಹಿಡಿದ ಮೀನನ್ನು ಬಿಡುತ್ತಿದ್ದರು, ಹಾಗಾಗಿ ಮೀನು ಹೆಚ್ಚಿತು. ಹೀಗೆ ಅಂದುಕೊಳ್ಳುವುದು ಸಹಜ ಅಲ್ವಾ? ಅದರಲ್ಲಿ ಸುಳ್ಳೂ ಇಲ್ಲ. ಆದರೆ ಅದೇ ಲೆಕ್ಕದಲ್ಲಿ ಇನ್ನೊಂದು ಸಂಗತಿ ಇತ್ತು. ಮೀನಿನ ಸರಾಸರಿ ತೂಕ ಇಳಿಯುತ್ತಾ ಬಂದಿತ್ತು. ಯಾಕೆ ಅಂತ ಬಿಡಿಸಿ ನೋಡಿದಾಗ ಗೊತ್ತಾಗಿದ್ದು, 'ಮಹಶೀರ್' ಅನ್ನುವ ಒಂದೇ ಹೆಸರಿನ ಕೆಳಗೆ ಎರಡು ಬೇರೆ ಬೇರೆ ಮೀನುಗಳಿದ್ದವು. ಒಂದು ಹೆಚ್ಚುತ್ತಿತ್ತು. ಇನ್ನೊಂದು ನಮ್ಮ ಕಣ್ಣೆದುರೇ ಇಲ್ಲವಾಗುತ್ತಿತ್ತು.

ಇಲ್ಲವಾಗುತ್ತಿದ್ದದ್ದು ಕಾವೇರಿಯ ಡುಬ್ಬದ ಮಹಶೀರ್. ಕಾವೇರಿ ಮತ್ತು ಅದರ ಉಪನದಿಗಳನ್ನು ಬಿಟ್ಟರೆ ಪ್ರಪಂಚದಲ್ಲಿ ಬೇರೆ ಎಲ್ಲೂ ಇಲ್ಲದ ಮೀನು ಅದು. ಹೆಚ್ಚುತ್ತಿದ್ದದ್ದು ನೀಲಿ ರೆಕ್ಕೆಯ ಮಹಶೀರ್. ಅದನ್ನು ಕಾವೇರಿಗೆ ತಂದು ಬಿಟ್ಟವರು ನಾವೇ.

ಮೀನು ಮತ್ತು ಅದರ ಹೊಳೆ

ಮಹಶೀರ್‌ಗೆ ನಮ್ಮ ಕಡೆ ಬಿಳಿಮೀನು ಅನ್ನುವ ಹೆಸರೂ ಇದೆ. ಡುಬ್ಬದ ಮಹಶೀರನ್ನು ಒಂದು ಸಲ ಫೋಟೊದಲ್ಲಿ ನೋಡಿದರೂ ಮರೆಯುವುದು ಕಷ್ಟ. ಕಿವಿರಿನ ಮುಚ್ಚಳದ ನೇರಕ್ಕೆ, ತಲೆಯ ಮೇಲಿಂದಲೇ ಡುಬ್ಬ ಶುರುವಾಗುತ್ತದೆ. ಅಲ್ಲಿಂದ ಏರಿಕೊಂಡು ಬೆನ್ನಿನ ರೆಕ್ಕೆಯ ತನಕ ಹೋಗುತ್ತದೆ. ಒಳ್ಳೆ ಮೇವು ತಿಂದ ಹೋರಿಯ ಹೆಗಲು ಇದ್ದ ಹಾಗೆ. ದೊಡ್ಡ ಮೀನಿನ ಒಂದೊಂದು ಹುರುಪೆ ಅಂಗೈ ತುಂಬುವಷ್ಟಿರುತ್ತದೆ. ಮೈಬಣ್ಣ ಒಂದೇ ತರ ಇರುವುದಿಲ್ಲ. ಕೆಲವು ಹೊಂಬಣ್ಣ, ಕೆಲವು ಬೆಳ್ಳಿ, ಇನ್ನು ಕೆಲವು ಹೆಚ್ಚು ಕಡಿಮೆ ಕಪ್ಪು. ಆದರೆ ಬಾಲ ಮಾತ್ರ ಕಿತ್ತಳೆ, ಅದರ ಅಂಚಿಗೆ ಕಪ್ಪು. ಬಾಯಲ್ಲಿ ಹಲ್ಲು ಕಾಣುವುದಿಲ್ಲ. ಹಲ್ಲು ಇರುವುದು ಗಂಟಲಿನಲ್ಲಿ. ಏಡಿ, ಬಸವನಹುಳುಗಳನ್ನು ನುಂಗಿ ಅಲ್ಲಿ ಪುಡಿ ಮಾಡುತ್ತದೆ.

ಈ ಮೀನಿಗೆ ಬೇಕಾದದ್ದು ಎರಡು. ಒಂದು, ಬೇಸಿಗೆಯಲ್ಲೂ ನೀರು ಬತ್ತದ ಆಳವಾದ ಮಡು. ಎರಡು, ಹರಿಯುವ ನೀರಿನ ತಳದಲ್ಲಿ ಶುಭ್ರವಾದ ಜಲ್ಲಿಕಲ್ಲು. ಮಳೆಗಾಲದಲ್ಲಿ ಹೊಳೆ ಏರಿದಾಗ ಮಹಶೀರ್‌ಗಳು ಮೇಲಕ್ಕೆ ಈಜಿ ಹೋಗಿ ಅಂಥ ಜಲ್ಲಿಯ ಮೇಲೆ ಮೊಟ್ಟೆ ಇಡುತ್ತವೆ. ಕಾಟ್ಲಾ, ರೋಹುಗಳ ಹಾಗೆ ಲಕ್ಷಗಟ್ಟಲೆ ಮೊಟ್ಟೆ ಇಡುವ ಮೀನಲ್ಲ. ಇಡುವುದು ಕಡಿಮೆ. ಆ ಮೊಟ್ಟೆಗಳು ಜಲ್ಲಿಯ ಸಂದಿಯಲ್ಲಿ ಕೂತಿರುವಷ್ಟು ದಿನ ಅವುಗಳ ಸುತ್ತ ಗಾಳಿಯಾಡುವ ನೀರು ಹರಿಯುತ್ತಿರಬೇಕು. ಮೇಲೆ ಹೂಳು ಕೂತರೆ ಉಸಿರು ಕಟ್ಟಿ ಸಾಯುತ್ತವೆ.

ಈಗ ಕಾವೇರಿಯನ್ನು ಒಮ್ಮೆ ನೆನಪು ಮಾಡಿಕೊಳ್ಳಿ. ಮೇಲೆ ಕೆಆರ್‌ಎಸ್, ಕೆಳಗೆ ಮೆಟ್ಟೂರು. ಇವೆರಡೂ 1930ರ ದಶಕದಷ್ಟು ಹಳೆಯವು. ಆಮೇಲೆ ಕಬಿನಿ, ಹಾರಂಗಿ, ಹೇಮಾವತಿ ಬಂದವು. ಶಿವನಸಮುದ್ರದಲ್ಲಿ 1902ರಿಂದಲೇ ವಿದ್ಯುತ್ ತೆಗೆಯುತ್ತಿದ್ದೇವೆ. ಹರಿಯುವ ಕಾವೇರಿ ಅಂತ ದೊಡ್ಡದಾಗಿ ಉಳಿದದ್ದು ಶಿವನಸಮುದ್ರದ ಕೆಳಗೆ ಮುತ್ತತ್ತಿ, ಭೀಮೇಶ್ವರಿ, ಗಾಲಿಬೋರ್, ಸಂಗಮ, ಮೇಕೆದಾಟು, ಹೊಗೇನಕಲ್ ತನಕದ ಕಾಡಿನ ಭಾಗ. ಅಲ್ಲೂ ನೀರು ಏರುವುದು ಇಳಿಯುವುದು ಮಳೆಯ ಲೆಕ್ಕಕ್ಕಿಂತ ಜಾಸ್ತಿ ಅಣೆಕಟ್ಟಿನ ಗೇಟಿನ ಲೆಕ್ಕದಲ್ಲಿ. ಸಂಗಮದಲ್ಲಿ ಕಾವೇರಿಗೆ ಸೇರುವ ಅರ್ಕಾವತಿ, ವೃಷಭಾವತಿಯ ಮೂಲಕ ಬೆಂಗಳೂರಿನ ಕೊಳಚೆಯನ್ನೂ ಹೊತ್ತು ತರುತ್ತದೆ. ಇಷ್ಟೆಲ್ಲದರ ನಡುವೆಯೂ ಈ ಮೀನು ಅಲ್ಲಿ ಬದುಕಿತ್ತು.

ಮುದ್ದೆಯ ಕಾಲ

ದೊಡ್ಡ ಮಹಶೀರ್‌ಗಳ ಕಥೆ ಹಳೆಯದು. 1946ರಲ್ಲಿ ಮೈಸೂರಿನ ವಾನ್ ಇಂಗೆನ್ ಮನೆತನದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದರು. ಅಂದರೆ ಸುಮಾರು 54 ಕೆಜಿ. ಬೇಟೆಯ ಪ್ರಾಣಿಗಳಿಗೆ ಹುಲ್ಲು ತುಂಬಿ ನಿಲ್ಲಿಸುವ ಕಸುಬಿನಲ್ಲಿ ಹೆಸರು ಮಾಡಿದ ಮನೆತನ ಅದು. ಗಾಳದಲ್ಲಿ ಸಿಕ್ಕ ಮಹಶೀರ್‌ಗಳಲ್ಲಿ ಇವತ್ತಿಗೂ ಜನ ಹೇಳುವ ದಾಖಲೆ ಅದೇ.

ಸ್ವಾತಂತ್ರ್ಯ ಬಂದ ಮೇಲೆ ಹೊರಗಿನ ಗಾಳಗಾರರು ಈ ಹೊಳೆಯನ್ನು ಮರೆತರು. ಇಂಥ ಮೀನು ಇನ್ನು ಉಳಿದಿಲ್ಲ ಅಂತಲೇ ಎಷ್ಟೋ ಜನ ನಂಬಿದ್ದರು. 1970ರ ದಶಕದ ಕೊನೆಗೆ ಇಂಗ್ಲೆಂಡಿನಿಂದ ಸಣ್ಣ ತಂಡವೊಂದು ಬಂದು ಕಾವೇರಿಯಲ್ಲಿ ಗಾಳ ಹಾಕಿತು. ಮಡುಗಳಲ್ಲಿ ಆ ಮೀನು ಇನ್ನೂ ಇತ್ತು. ಆಮೇಲೆ ಒಬ್ಬರ ಹಿಂದೆ ಒಬ್ಬರು ಬಂದರು. 1972ರಲ್ಲಿ ಶುರುವಾದ ದಕ್ಷಿಣ ಭಾರತ ವನ್ಯಜೀವಿ ಸಂಘ ಹೊಳೆಯ ಒಂದು ಭಾಗವನ್ನು ಗುತ್ತಿಗೆಗೆ ಪಡೆದು ಕಾವಲು ಹಾಕಿತು. ಸರ್ಕಾರದ ಜಂಗಲ್ ಲಾಡ್ಜಸ್‌ನವರು ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರ್‌ಗಳಲ್ಲಿ ಕ್ಯಾಂಪ್ ನಡೆಸಿದರು.

ಈ ಮೀನಿಗೆ ಹಾಕುತ್ತಿದ್ದ ಮೇವು ರಾಗಿ. ಮುದ್ದೆ ಉಣ್ಣುವ ಸೀಮೆಯಲ್ಲಿ ಮೀನಿಗೂ ಮುದ್ದೆಯೇ. ರಾಗಿ ಹಿಟ್ಟನ್ನು ಗಟ್ಟಿಯಾಗಿ ಕಲಸಿ, ಉಂಡೆ ಕಟ್ಟಿ, ನೀರಿನಲ್ಲಿ ಬೇಯಿಸಿ, ಬಿಸಿ ಆರುವ ಮೊದಲೇ ಮತ್ತೆ ಮಿದಿಯಬೇಕು. ಸರಿಯಾಗಿ ಮಿದಿಯದಿದ್ದರೆ ಸೆಳವಿಗೆ ಕರಗಿ ಹೋಗುತ್ತದೆ. ಜಾಸ್ತಿ ಗಟ್ಟಿಯಾದರೆ ಗಾಳದ ಕೊಕ್ಕೆ ಮೀನಿನ ಬಾಯಿಗೆ ಹಿಡಿಯುವುದೇ ಇಲ್ಲ. ಕೊಕ್ಕೆ ಪೂರ್ತಿ ಮುಚ್ಚುವ ಹಾಗೆ ನಿಂಬೆಹಣ್ಣಿನಷ್ಟು ಉಂಡೆ ಮಾಡಿ, ಬಂಡೆಗಳ ನಡುವಿನ ಸೆಳವಿಗೆ ಎಸೆದು ಕಾಯುತ್ತಿದ್ದರು. ಕೆಲವೊಮ್ಮೆ ಇಡೀ ದಿನ. ಮೀನು ಕಚ್ಚಿದರೆ ನೂರಾರು ಅಡಿ ದಾರ ಎಳೆದುಕೊಂಡು ಓಡುತ್ತದೆ. ಗಾಳ ಹಿಡಿದವರು ಹರಿಗೋಲು ಹತ್ತಿ ಅದರ ಹಿಂದೆ ಹೋಗಬೇಕು.

ಆ ಹರಿಗೋಲು ಹಾಕುತ್ತಿದ್ದವರು, ಮುದ್ದೆ ಮಿದಿಯುತ್ತಿದ್ದವರು ಸುತ್ತಲಿನ ಹಳ್ಳಿಗಳವರು. ಅವರಲ್ಲಿ ಕೆಲವರು ಮೊದಲು ಕಳ್ಳತನದಿಂದ ಮೀನು ಹಿಡಿಯುತ್ತಿದ್ದವರೇ. ಯಾವ ಬಂಡೆಯ ಅಡಿಯಲ್ಲಿ ಯಾವ ಕಾಲಕ್ಕೆ ಮೀನು ನಿಲ್ಲುತ್ತದೆ ಅನ್ನುವುದು ಅವರಿಗೆ ಗೊತ್ತಿತ್ತು. ಕ್ಯಾಂಪಿನಲ್ಲಿ ಸಂಬಳ ಸಿಕ್ಕಿತು. ಸತ್ತ ಮೀನು ಒಂದು ಸಲ ಮಾರಾಟವಾಗುತ್ತದೆ, ಬಿಟ್ಟ ಮೀನು ಮತ್ತೆ ಮತ್ತೆ ಅತಿಥಿಗಳನ್ನು ಕರೆತರುತ್ತದೆ. ಆ ಲೆಕ್ಕ ಅವರಿಗೆ ಬೇಗ ಅರ್ಥವಾಯಿತು. ಹೊಳೆಯ ಆ ಭಾಗಕ್ಕೆ ರಾತ್ರಿ ಸಿಡಿಮದ್ದು ಹಿಡಿದು ಬರುವವರನ್ನು ತಡೆದವರೂ ಇವರೇ. ಈ ಪ್ರಕರಣದಲ್ಲಿ ನನಗೆ ಜಾಸ್ತಿ ಗೌರವ ಇರುವುದು ಈ ಜನರ ಮೇಲೆ.

ಒಳ್ಳೆ ಮನಸ್ಸಿನಿಂದ ಬಿಟ್ಟ ಮರಿಗಳು

ಇಲ್ಲಿಂದ ಕಥೆ ಬೇರೆ ದಾರಿ ಹಿಡಿಯುತ್ತದೆ. ಮಹಾರಾಷ್ಟ್ರದ ಲೋನಾವಳದಲ್ಲಿ ಟಾಟಾ ವಿದ್ಯುತ್ ಕಂಪನಿಯ ಕೆರೆಗಳಿವೆ. ಅಲ್ಲಿ 1970ರ ದಶಕದಿಂದ ನೀಲಿ ರೆಕ್ಕೆಯ ಮಹಶೀರ್ ಮರಿ ಮಾಡುವ ಕೆಲಸ ನಡೆಯಿತು. ಈ ಮೀನು ಕೃಷ್ಣಾ ಕಣಿವೆಯದ್ದು. 1839ರಲ್ಲಿ ಸೈಕ್ಸ್ ಎಂಬ ಬ್ರಿಟಿಷ್ ಅಧಿಕಾರಿ ಪುಣೆ ಹತ್ತಿರದ ಹೊಳೆಯ ಮೀನು ನೋಡಿ ಇದಕ್ಕೆ ಹೆಸರಿಟ್ಟಿದ್ದರು. ಶಾಸ್ತ್ರದಲ್ಲಿ ಟಾರ್ ಖುದ್ರಿ ಅನ್ನುತ್ತಾರೆ. ಮಹಶೀರ್ ಮೊಟ್ಟೆ ತೆಗೆದು ಮರಿ ಮಾಡುವುದು ಸುಲಭದ ಕೆಲಸ ಅಲ್ಲ. ಲೋನಾವಳದವರು ಅದನ್ನು ಸಾಧಿಸಿದರು. ಆ ಮೀನಿನ ಮಟ್ಟಿಗೆ ಅದು ದೊಡ್ಡ ಉಪಕಾರ.

ತಪ್ಪಾದದ್ದು ಮುಂದಿನ ಹೆಜ್ಜೆಯಲ್ಲಿ. ಮಹಶೀರ್ ಕಡಿಮೆಯಾಗಿದೆ, ಮಹಶೀರ್ ಮರಿ ಸಿಗುತ್ತದೆ, ಹಾಗಾದರೆ ಹೊಳೆಗೆ ಬಿಡೋಣ. ಆ ಕಾಲಕ್ಕೆ ಎಲ್ಲರಿಗೂ ಇದು ಸರಿ ಅಂತಲೇ ಅನ್ನಿಸಿತು. ಬೇರೆ ಬೇರೆ ರಾಜ್ಯಗಳ ಹೊಳೆಗಳಿಗೆ ಮರಿಗಳು ಹೋದವು. ಕೊಡಗಿನ ಹಾರಂಗಿಯಲ್ಲೂ ಮಹಶೀರ್ ಮರಿ ಕೇಂದ್ರ ಬಂತು. ಕಾವೇರಿಗೂ ನೀಲಿ ರೆಕ್ಕೆಯ ಮರಿಗಳನ್ನು ಬಿಟ್ಟರು. ಕೃಷ್ಣೆಯ ಮೀನು ಬೇರೆ, ಕಾವೇರಿಯ ಮೀನು ಬೇರೆ ಅಂತ ಆಗ ಯಾರೂ ಕೇಳಲಿಲ್ಲ. ಎರಡಕ್ಕೂ ಹೆಸರು ಮಹಶೀರ್ ತಾನೆ?

ಬಿಟ್ಟ ಮರಿಗಳಿಗೆ ಹೊಳೆ ಹಿಡಿಸಿತು. ಬೆಳೆದವು, ಮರಿ ಮಾಡಿದವು, ಹಬ್ಬಿದವು. ಒಂದೇ ಮಡು, ಒಂದೇ ಮೇವು, ಮೊಟ್ಟೆಗೆ ಬೇಕಾದ ಜಲ್ಲಿಯೂ ಒಂದೇ ಬಗೆಯದು. ಅಣೆಕಟ್ಟು, ಸಿಡಿಮದ್ದು, ಮರಳು ತೆಗೆಯುವಿಕೆಗಳಿಂದ ಮೊದಲೇ ಸೊರಗಿದ್ದ ಡುಬ್ಬದ ಮೀನಿಗೆ ಮನೆಯೊಳಗೇ ಪಾಲುದಾರ ಬಂದ ಹಾಗಾಯಿತು.

ಗಾಲಿಬೋರ್ ಲೆಕ್ಕದಲ್ಲಿ ಕಂಡದ್ದು ಇದೇ. ಬ್ರಿಟನ್‌ನ ಬೋರ್ನ್‌ಮತ್ ವಿಶ್ವವಿದ್ಯಾಲಯದ ಏಡ್ರಿಯನ್ ಪಿಂಡರ್, ಕೊಚ್ಚಿಯ ರಾಜೀವ್ ರಾಘವನ್ ಮತ್ತು ಜೊತೆಗಾರರು ಆ ಪುಸ್ತಕಗಳನ್ನು ಕೂತು ಓದಿ 2015ರಲ್ಲಿ ಪ್ರಕಟಿಸಿದರು. ನೀಲಿ ರೆಕ್ಕೆಯ ಮೀನು ಸಣ್ಣದು, ಮಧ್ಯಮದ್ದು, ದೊಡ್ಡದು ಎಲ್ಲ ಸಿಗುತ್ತಿತ್ತು. ಡುಬ್ಬದ ಮೀನು ಸಿಗುವುದೇ ಅಪರೂಪವಾಯಿತು. ಸಿಕ್ಕಿದರೂ ದೊಡ್ಡದೇ. ಕೇಳುವುದಕ್ಕೆ ಇದು ಒಳ್ಳೆಯ ಸುದ್ದಿ ಅನ್ನಿಸಬಹುದು. ಒಂದು ಊರಿನಲ್ಲಿ ಬರೀ ಮುದುಕರಿದ್ದು ಮಕ್ಕಳೇ ಕಾಣದಿದ್ದರೆ ಆ ಊರಿನ ಗತಿ ಏನು ಅಂತ ಯೋಚಿಸಿ. ಡುಬ್ಬದ ಮೀನಿನದ್ದು ಅದೇ ಸ್ಥಿತಿ. ಹಳೆಯ ಮೀನುಗಳು ಉಳಿದಿದ್ದವು, ಮರಿಗಳು ಬರುತ್ತಿರಲಿಲ್ಲ. ಒಟ್ಟು ಸಂಖ್ಯೆ ನೋಡುತ್ತಾ ಕೂತವರಿಗೆ ಇದು ಕಾಣುವ ಹಾಗೇ ಇರಲಿಲ್ಲ. ಸರಾಸರಿ ತೂಕ ಇಳಿದದ್ದೂ ಇದೇ ಕಾರಣಕ್ಕೆ. ಹೊಳೆಯಲ್ಲಿ ತುಂಬಿಕೊಂಡದ್ದು ನೀಲಿ ರೆಕ್ಕೆಯ ಎಳೆ ಮೀನುಗಳು.

ಹೆಸರೇ ಇಲ್ಲದ ಮೀನು

ಇಷ್ಟು ದೊಡ್ಡ, ಇಷ್ಟು ಪ್ರಸಿದ್ಧವಾದ ಮೀನಿಗೆ ಅಷ್ಟು ಹೊತ್ತಿಗೆ ಸರಿಯಾದ ಶಾಸ್ತ್ರೀಯ ಹೆಸರೇ ಇರಲಿಲ್ಲ ಅಂದರೆ ನಂಬುವುದು ಕಷ್ಟ. ಬಹಳ ಕಾಲ ಇದನ್ನು ಟಾರ್ ಮುಸುಲ್ಲಾ ಅನ್ನುತ್ತಿದ್ದರು. ಆದರೆ ಆ ಹೆಸರನ್ನು ಸೈಕ್ಸ್ ಇಟ್ಟದ್ದು ಕೃಷ್ಣಾ ಕಣಿವೆಯ ಇನ್ನೊಂದು ಮೀನಿಗೆ. ಅದು ಮಹಶೀರ್ ಗುಂಪಿಗೇ ಸೇರಿದ್ದಲ್ಲ ಅಂತ ಆಮೇಲೆ ತಿಳಿಯಿತು. ಅಲ್ಲಿಗೆ ನಮ್ಮ ಮೀನು ಹೆಸರಿಲ್ಲದೆ ಉಳಿಯಿತು.

ಇದು ಸುಮ್ನೆ ಪಂಡಿತರ ಜಗಳ ಅಂತ ಬಿಡುವ ಹಾಗಿಲ್ಲ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಕೆಂಪು ಪಟ್ಟಿಗೆ ಒಂದು ಮೀನು ಸೇರಬೇಕಾದರೆ ಅದಕ್ಕೆ ಸರಿಯಾದ ಹೆಸರು ಬೇಕು. ರೇಷನ್ ಕಾರ್ಡ್ ಇಲ್ಲದವರ ಪಾಡು ನಮಗೆಲ್ಲ ಗೊತ್ತಲ್ಲ. ಮನುಷ್ಯ ಎದುರಿಗೆ ನಿಂತಿದ್ದರೂ ಕಡತದಲ್ಲಿ ಇರುವುದಿಲ್ಲ. ಅದೇ ಹೊತ್ತಿಗೆ ನೀಲಿ ರೆಕ್ಕೆಯ ಮೀನು ಅಳಿವಿನ ಅಪಾಯದ ಪಟ್ಟಿಯಲ್ಲಿತ್ತು. ಹೆಸರಿದ್ದ ಮೀನನ್ನು ಉಳಿಸುವ ಹುರುಪಿನಲ್ಲಿ, ಹೆಸರಿಲ್ಲದ ಮೀನಿನ ಮನೆಗೆ ಅದನ್ನು ಬಿಟ್ಟಿದ್ದೆವು.

ಉತ್ತರ ಸಿಕ್ಕಿದ್ದು ಅನಿರೀಕ್ಷಿತ ಜಾಗದಲ್ಲಿ. ಕೇರಳದಿಂದ ಪೂರ್ವಕ್ಕೆ ಹರಿದು ಕಾವೇರಿ ಕಣಿವೆ ಸೇರುವ ಹೊಳೆಗಳು ಮೂರು: ಕಬಿನಿ, ಭವಾನಿ, ಪಾಂಬಾರ್. ಚಿನ್ನಾರ್ ಕಾಡಿನ ಪಾಂಬಾರ್ ಹೊಳೆಯ ಸಣ್ಣ ಮಹಶೀರ್‌ಗಳನ್ನು ನೋಡಿ, ಇದು ಹೊಸ ಪ್ರಭೇದ ಅಂತ ಕುರುಪ್ ಮತ್ತು ರಾಧಾಕೃಷ್ಣನ್ ಎಂಬ ವಿಜ್ಞಾನಿಗಳು ಟಾರ್ ರೆಮಾದೇವಿ ಅನ್ನುವ ಹೆಸರು ಕೊಟ್ಟಿದ್ದರು. ಭಾರತೀಯ ಪ್ರಾಣಿ ಸರ್ವೇಕ್ಷಣಾಲಯದ ಮೀನು ತಜ್ಞೆ ಕೆ. ರೆಮಾ ದೇವಿ ಅವರ ಗೌರವಕ್ಕೆ ಇಟ್ಟ ಹೆಸರು. ಆ ಎಳೆ ಮೀನುಗಳಿಗೂ ಕಾವೇರಿಯ ಐವತ್ತು ಕೆಜಿಯ ಮೀನಿಗೂ ಸಂಬಂಧ ಇದೆ ಅಂತ ಯಾರಿಗೂ ಹೊಳೆದಿರಲಿಲ್ಲ.

ಪಿಂಡರ್ ಮತ್ತು ಜೊತೆಗಾರರಿಗೆ ಡುಬ್ಬದ ಮಹಶೀರ್‌ನ ಒಂದು ಜೀವಂತ ಮೀನು ಬೇಕಿತ್ತು. ಮುಖ್ಯ ಕಾವೇರಿಯಲ್ಲಿ ಅದು ಅಷ್ಟು ಅಪರೂಪವಾಗಿತ್ತು. ಕೊನೆಗೆ ಸಿಕ್ಕಿದ್ದು ನೀಲಗಿರಿಯ ತಪ್ಪಲಿನ ಮೋಯಾರ್ ಹೊಳೆಯಲ್ಲಿ, ಮುದುಮಲೆ ಮತ್ತು ಸತ್ಯಮಂಗಲದ ಹುಲಿ ಕಾಡುಗಳ ಆಳದಲ್ಲಿ. ನಮ್ಮ ಬಂಡೀಪುರದ ಅಂಚಿನಲ್ಲೇ ಹರಿಯುವ ಹೊಳೆ ಅದು. ಆ ಮೀನಿನ ಮೈಕಟ್ಟನ್ನೂ ಡಿಎನ್‌ಎಯನ್ನೂ ಪಾಂಬಾರ್ ಮೀನಿನ ಜೊತೆ ಹೋಲಿಸಿದರು. ಎರಡೂ ಒಂದೇ. 2018ರ ಜೂನ್‌ನಲ್ಲಿ ಇದು ಪ್ರಕಟವಾಯಿತು. ಅದೇ ವರ್ಷ ನವೆಂಬರ್‌ನಲ್ಲಿ ಟಾರ್ ರೆಮಾದೇವಿ ಕೆಂಪು ಪಟ್ಟಿಗೆ ಸೇರಿತು, 'ತೀವ್ರ ಅಪಾಯದಲ್ಲಿದೆ' ಅನ್ನುವ ದರ್ಜೆಯಲ್ಲಿ. ಆ ಪಟ್ಟಿಯಲ್ಲಿ ಹುಲಿ ಇರುವುದು ಅದಕ್ಕಿಂತ ಒಂದು ಮೆಟ್ಟಿಲು ಕಡಿಮೆ ಅಪಾಯದ ಸಾಲಿನಲ್ಲಿ. ನೀಲಿ ರೆಕ್ಕೆಯ ಮೀನನ್ನೂ ಆಗ ಮತ್ತೆ ತೂಗಿ ನೋಡಿ, ಅಪಾಯದ ಸಾಲಿನಿಂದ ಕೆಳಗಿಳಿಸಿದರು.

2012ರ ನಂತರ

ಈ ನಡುವೆ ಇನ್ನೊಂದು ತಿರುವು ಆಗಿತ್ತು. ಗಾಲಿಬೋರ್, ಭೀಮೇಶ್ವರಿ ಎಲ್ಲ 1987ರಲ್ಲಿ ಘೋಷಿಸಿದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದವು. ವನ್ಯಜೀವಿ ಕಾಯ್ದೆಯ ಪ್ರಕಾರ ವನ್ಯಧಾಮದೊಳಗೆ ಗಾಳ ಹಾಕುವುದೂ ಬೇಟೆಯೇ, ಹಿಡಿದು ಬಿಟ್ಟರೂ ಅಷ್ಟೇ, ಅನ್ನುವ ತೀರ್ಮಾನವಾಯಿತು. ಗಾಳದ ಕ್ಯಾಂಪ್‌ಗಳು 2012ಕ್ಕೆ ನಿಂತವು.

ಕಾನೂನಿನ ಮಾತು ತಪ್ಪು ಅಂತ ನಾನು ಹೇಳುವುದಿಲ್ಲ. ಗಾಳದ ಮೊನೆ ಚುಚ್ಚಿಸಿಕೊಂಡ ಮೀನಿಗೆ ನೋವಾಗುತ್ತದೆ. ಬಿಟ್ಟ ಮೇಲೆ ಎಲ್ಲವೂ ಬದುಕುತ್ತವೆ ಅಂತಲೂ ಇಲ್ಲ. ಆದರೆ ಕ್ಯಾಂಪ್ ಮುಚ್ಚಿದ ದಿನವೇ ಹೊಳೆಯ ದಡದಲ್ಲಿ ಹಗಲು ರಾತ್ರಿ ಇರುತ್ತಿದ್ದ ಜನ ಮನೆಗೆ ಹೋದರು. ಹರಿಗೋಲಿನವರ ಸಂಬಳ ನಿಂತಿತು. ಲೆಕ್ಕದ ಪುಸ್ತಕವೂ ನಿಂತಿತು. ನನಗೆ ಜಾಸ್ತಿ ಬೇಸರ ಆಗುವುದು ಈ ಕೊನೆಯ ಮಾತಿಗೆ. ಹದಿನೈದು ವರ್ಷ ಒಂದೇ ಜಾಗದಲ್ಲಿ ಬರೆದ ಮೀನಿನ ಲೆಕ್ಕ ನಮ್ಮ ಹೊಳೆಗಳಲ್ಲಿ ಎಷ್ಟಿವೆ? ಮೀನು ಮಾಯವಾಗುತ್ತಿದೆ ಅಂತ ತೋರಿಸಿದ್ದು ಅದೊಂದೇ. ಗಾಳ ನಿಲ್ಲಿಸುವುದಾದರೆ ಸರಿ, ಅದೇ ಜನರನ್ನು ಅದೇ ದಡದಲ್ಲಿ ಕಾವಲಿಗೆ, ಲೆಕ್ಕಕ್ಕೆ ಇಟ್ಟುಕೊಳ್ಳಬಹುದಿತ್ತು.

ಸಿಡಿಮದ್ದಿನ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇಸಿಗೆಯಲ್ಲಿ ಹೊಳೆ ಸಣ್ಣದಾದಾಗ ಮೀನೆಲ್ಲ ಮಡುವಿಗೆ ಸೇರುತ್ತದೆ. ಮಡುವಿಗೆ ತೋಟೆ ಎಸೆದರೆ ನೀರಿನ ಏಟಿಗೆ ಮೀನಿನ ಒಳಗಿನ ಗಾಳಿಚೀಲ ಒಡೆಯುತ್ತದೆ. ಕೆಲವು ತೇಲುತ್ತವೆ, ಅವನ್ನು ಆರಿಸಿಕೊಳ್ಳುತ್ತಾರೆ. ಎಷ್ಟೋ ಮೀನು ತಳಕ್ಕೆ ಹೋಗುತ್ತವೆ, ಯಾರಿಗೂ ದಕ್ಕುವುದಿಲ್ಲ. ಸಂತಾನಕ್ಕೆ ಬರುವಷ್ಟು ದೊಡ್ಡದಾಗಲು ವರ್ಷಗಟ್ಟಲೆ ಬೇಕಾದ ಮೀನು, ಇಡೀ ಮಡುವಿನದ್ದು, ಒಂದೇ ಏಟಿಗೆ ಮುಗಿಯುತ್ತದೆ.

ಈಗ ಏನು

ಇವತ್ತು ಡುಬ್ಬದ ಮಹಶೀರ್ ಉಳಿದಿರುವುದು ಮೋಯಾರ್, ಪಾಂಬಾರ್, ಮುಖ್ಯ ಕಾವೇರಿಯ ಕೆಲವು ತುಣುಕುಗಳಲ್ಲಿ. ಒಂದರಿಂದ ಇನ್ನೊಂದಕ್ಕೆ ಮೀನು ಹೋಗುವ ಹಾಗಿಲ್ಲ, ನಡುವೆ ಅಣೆಕಟ್ಟುಗಳಿವೆ. ಅದರ ಮೇಲೆ ಮೇಕೆದಾಟು ಯೋಜನೆಯ ಮಾತಿದೆ. 67 ಟಿಎಂಸಿ ನೀರು ನಿಲ್ಲಿಸುವ, ಸುಮಾರು 5,000 ಹೆಕ್ಟೇರ್ ಕಾಡು ಮುಳುಗಿಸುವ ಯೋಜನೆ. ಬೆಂಗಳೂರಿಗೆ ಕುಡಿಯುವ ನೀರು ಬೇಕು, ಅದನ್ನು ಅಲ್ಲಗಳೆಯುವವನು ನಾನಲ್ಲ. ಎರಡು ರಾಜ್ಯಗಳ ವಾದ ಎಷ್ಟು ವರ್ಷದಿಂದ ನಡೆದಿದೆ ಅಂತ ಎಲ್ಲರಿಗೂ ಗೊತ್ತು. ಆದರೆ ಆ ವಾದದಲ್ಲಿ ಟಿಎಂಸಿ ಬರುತ್ತದೆ, ಮೆಗಾವಾಟ್ ಬರುತ್ತದೆ, ಈ ಮೀನು ಬರುವುದಿಲ್ಲ. ಹರಿಯುವ ನೀರಿನ ಮೀನಿಗೆ ನಿಂತ ನೀರು ಮನೆಯಲ್ಲ. ಸಂಗಮದ ಸುತ್ತಲಿನ ಹೊಳೆ ಜಲಾಶಯವಾದರೆ ಅಲ್ಲಿನ ಜಲ್ಲಿ ಹೂಳಿನ ಅಡಿಗೆ ಹೋಗುತ್ತದೆ. ಇದನ್ನೂ ಲೆಕ್ಕಕ್ಕೆ ತೆಗೆದುಕೊಂಡು ಮಾತಾಡಿ ಅಂತ ಕೇಳುವುದು ತಪ್ಪಲ್ಲ.

ಅಣೆಕಟ್ಟಿನ ವಿಷಯ ನಮ್ಮ ಕೈಯಲ್ಲಿಲ್ಲ ಅನ್ನಬಹುದು. ಕೈಯಲ್ಲಿ ಇರುವುದು ಒಂದಿದೆ. ಕಾವೇರಿ ಕಣಿವೆಯ ಯಾವ ಹೊಳೆಗೂ ನೀಲಿ ರೆಕ್ಕೆಯ ಮಹಶೀರ್ ಮರಿ ಬಿಡುವುದನ್ನು ನಿಲ್ಲಿಸುವುದು. ಮರಿ ಬಿಡುವ ಕಾರ್ಯಕ್ರಮ ಅಂದರೆ ನಮಗೆ ಒಳ್ಳೆಯ ಕೆಲಸ ಅನ್ನಿಸುತ್ತದೆ. ಬಕೆಟ್ ಹಿಡಿದು ಗಣ್ಯರು ನಿಂತ ಫೋಟೊ ಪತ್ರಿಕೆಯಲ್ಲಿ ಬರುತ್ತದೆ. ಬಕೆಟ್ಟಿನಲ್ಲಿ ಇರುವುದು ಯಾವ ಹೊಳೆಯ ಮೀನು ಅಂತ ಕೇಳುವವರು ಬೇಕು.

ಶೃಂಗೇರಿಯ ತುಂಗೆಯಲ್ಲಿ, ಶಿಶಿಲದ ಕಪಿಲೆಯಲ್ಲಿ ಮಂಡಕ್ಕಿ ಎಸೆದರೆ ದೇವರ ಮೀನುಗಳು ಗುಂಪಾಗಿ ಮೇಲೆ ಬರುತ್ತವೆ. ಅದನ್ನು ನೋಡಿದವರು 'ಮಹಶೀರ್ ಬೇಕಾದಷ್ಟಿದೆಯಲ್ಲ' ಅನ್ನುತ್ತಾರೆ. ಆ ಮೀನುಗಳನ್ನು ಜನ ಭಕ್ತಿಯಿಂದ ಕಾಪಾಡಿದ್ದು ನಿಜ, ಅದು ದೊಡ್ಡ ಕೆಲಸವೇ. ಆದರೆ ಅವು ಬೇರೆ ಕಣಿವೆಗಳ ಮೀನು. ಕಾವೇರಿಯ ಡುಬ್ಬದ ಮೀನು ಅಲ್ಲಿಲ್ಲ.

ಮುತ್ತತ್ತಿಗೋ ಸಂಗಮಕ್ಕೋ ಹೋದಾಗ ಯಾರಾದರೂ ದೊಡ್ಡ ಮೀನು ತೋರಿಸಿದರೆ, ಫೋಟೊ ಕಳಿಸಿದರೆ, ಮೊದಲು ಬಾಲ ನೋಡಿ. ರೆಕ್ಕೆಗಳು ನೀಲಿ ಬೂದು ಬಣ್ಣದ್ದಾದರೆ ಅದು ತಂದು ಬಿಟ್ಟ ಮೀನಿನ ಸಂತಾನ. ಬಾಲ ಕಿತ್ತಳೆ ಇದ್ದು ಅಂಚು ಕಪ್ಪಗಿದ್ದರೆ, ತಲೆಯ ಮೇಲಿಂದಲೇ ಬೆನ್ನು ಏರಿದ್ದರೆ, ದಿನ, ಜಾಗ ಬರೆದಿಟ್ಟುಕೊಳ್ಳಿ. ಸಣ್ಣ ಮೀನಾದರೆ ಇನ್ನೂ ಒಳ್ಳೆಯದು, ಅಲ್ಲಿ ಇನ್ನೂ ಮರಿ ಆಗುತ್ತಿದೆ ಅಂತ ಅರ್ಥ.